ಗೋಲಿಬಾರ್ ಮೊದಲು, ಅಹವಾಲು ಆಮೇಲೆ

ಹಂಪಿ, ಹೊಸಪೇಟೆ, ಕಂಪ್ಲಿಯ ಚರಿತ್ರೆ ಎತ್ತಿದರೆ ನಮ್ಮ ಮಾತು ವಿಜಯನಗರ ಸೋತ 1565ಕ್ಕೆ ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಈ ಸೀಮೆಯ ಒಕ್ಕಲು ಮಕ್ಕಳು ಯಾರಿಗೆ ಕಂದಾಯ ಕಟ್ಟಿದರು, ಜನ ತಿರುಗಿಬಿದ್ದಾಗ ಯಾರ ದಂಡು ಬಂತು ಎಂದು ನಾವು ಕೇಳುವುದೇ ಕಡಿಮೆ. ಕೇಳಬೇಕು. ಅಂದಿನ ತಪ್ಪು ಇನ್ನೂ ಮುಗಿದಿಲ್ಲ.

ಹದಿನೆಂಟನೇ ಶತಮಾನದುದ್ದಕ್ಕೂ ಇಲ್ಲಿ ಪಾಳೇಗಾರರು, ಸಂಡೂರಿನ ಘೋರ್ಪಡೆಗಳು, ಹೈದರ್, ಟಿಪ್ಪು, ನಿಜಾಮ ವಸೂಲಿಗೆ ಬಂದರು. 1800ರ ಅಕ್ಟೋಬರಿನಲ್ಲಿ ನಿಜಾಮ, ತನ್ನ ಕಾವಲಿಗಿದ್ದ ಈಸ್ಟ್ ಇಂಡಿಯಾ ಕಂಪನಿ ಸೈನ್ಯದ ಖರ್ಚಿಗೆಂದು ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನೇ ಬಿಟ್ಟುಕೊಟ್ಟ. ದತ್ತಮಂಡಲ ಎಂದು ಹೆಸರಾದ ಈ ನಾಡಿಗೆ ಥಾಮಸ್ ಮನ್ರೋ ಕಲೆಕ್ಟರಾದ. ಎಂಬತ್ತು ಪಾಳೇಗಾರರು, ಅವರ ಕೈಕೆಳಗೆ 30,000 ಶಸ್ತ್ರಧಾರಿಗಳು ಇದ್ದಾರೆಂಬುದು ಅವನದೇ ಲೆಕ್ಕ. ಅವರನ್ನು ಬಗ್ಗುಬಡಿಯಲು ಜನರಲ್ ಕ್ಯಾಂಪ್‌ಬೆಲ್ ದಂಡು ಹೊರಟಿತು.

ಇದೇ ದತ್ತಮಂಡಲದ, ಇಂದು ಕರ್ನೂಲು ಜಿಲ್ಲೆಯಲ್ಲಿರುವ ತೆರ್ನೇಕಲ್ಲಿನಲ್ಲಿ 1801ರಲ್ಲಿ ಕಂದಾಯದ ಜಗಳ ಕೈಮೀರಿ ತಹಸೀಲ್ದಾರನ ಕೊಲೆಯಾಯಿತು. ಅದನ್ನು ಯಾರೂ ಸಮರ್ಥಿಸಲಾರರು. ಆದರೆ ಉತ್ತರವಾಗಿ ಬಂದದ್ದು ಸೈನ್ಯ. ಊರಿನ ಮಣ್ಣಿನ ಕೋಟೆಯ ಮೇಲೆ ನುಗ್ಗಿದ ಕಂಪನಿಯ ಸಿಪಾಯಿಗಳನ್ನು ಜನ ಹಿಮ್ಮೆಟ್ಟಿಸಿದರು. ಹೆಚ್ಚಿನ ತೋಪುಗಳು ಬಂದ ಮೇಲಷ್ಟೇ, ಡಿಸೆಂಬರಿನಲ್ಲಿ, ಕೋಟೆ ಬಿತ್ತು. ಮುಖಂಡ ಮುತ್ತುಕೂರು ಗೌಡಪ್ಪನನ್ನು ಗಲ್ಲಿಗೇರಿಸಿದರು.

ಮುಂದಿನದನ್ನು ಗಮನಿಸಿ. ಕಂದಾಯ ಭಾರವಾಗಿದೆ, ಕಾಲುಭಾಗ ಇಳಿಸಬೇಕು ಎಂದು 1807ರಲ್ಲಿ ಸ್ವತಃ ಮನ್ರೋನೇ ಮೇಲಿನವರಿಗೆ ಬರೆದ. ಅದು ಜಾರಿಗೆ ಬಂದದ್ದು ಅವನೇ ಮದರಾಸಿನ ಗವರ್ನರಾದ 1820ರ ಹೊತ್ತಿಗೆ. ದಂಡು ಕೆಲವೇ ವಾರಗಳಲ್ಲಿ ಕೆಲಸ ಮುಗಿಸಿತು. ರೈತನ ಅಹವಾಲಿಗೆ, 1801ರಿಂದ ಎಣಿಸಿದರೆ, ಹತ್ತೊಂಬತ್ತು ವರ್ಷ ಹಿಡಿಯಿತು.

ಅದೇ ಮನ್ರೋ 1817ರಲ್ಲಿ ಸಂಡೂರಿಗೆ ಸೇನೆಯೊಂದಿಗೆ ಬಂದ. ಮಾತುಕತೆ ನಡೆಯಿತು, ಶಿವರಾವ್ ಘೋರ್ಪಡೆ ಕೋಟೆ ಒಪ್ಪಿಸಿದ, ಮರುವರ್ಷ ಸಂಸ್ಥಾನ ಅವನಿಗೇ ಮರಳಿತು. ದೊರೆಯೊಡನೆ ಕೂತು ಮಾತಾಡಲು ಬರುವುದಾದರೆ ಒಕ್ಕಲಿನವನೊಡನೆ ಏಕೆ ಬಾರದು?

ಅದು ಪರಕೀಯರ ಆಳ್ವಿಕೆ ಎಂದು ಸುಮ್ಮನಾಗುವಂತಿಲ್ಲ. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ನಡೆದದ್ದೂ ಇದೇ. ಮಲಪ್ರಭಾ ಅಚ್ಚುಕಟ್ಟಿನ ರೈತರು ಬೆಟರ್‌ಮೆಂಟ್ ಲೆವಿ ಎಂಬ ನೀರಾವರಿ ಅಭಿವೃದ್ಧಿ ಕರ ಕಟ್ಟಲಾರೆವೆಂದು ತಹಸೀಲ್ದಾರ್ ಕಚೇರಿಗೆ ಬಂದರು, ಗೋಲಿಬಾರ್ ಆಯಿತು, ರೈತರೂ ಸತ್ತರು, ಪೊಲೀಸರೂ ಸತ್ತರು. ರಿಯಾಯಿತಿ ಘೋಷಣೆಯಾದದ್ದು ಆಮೇಲೆ. ಮೊದಲೇ ಘೋಷಿಸಿದ್ದರೆ ಆ ಹೆಣಗಳು ಬೀಳುತ್ತಿರಲಿಲ್ಲ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 149ನೇ ಕಲಂ, ಗುಂಪು ಚದುರಿಸಲು ಮ್ಯಾಜಿಸ್ಟ್ರೇಟ್ ಸೈನ್ಯ ಕರೆಸಬಹುದು, ಆದರೆ ಸಾಧ್ಯವಾದಷ್ಟು ಕಡಿಮೆ ಬಲ ಬಳಸಬೇಕು ಎನ್ನುತ್ತದೆ. ಒಳ್ಳೆಯ ಮಾತೇ. ಆದರೆ ಬಲ ಮೀರಿದವರ ಮೇಲೆ ಮೊಕದ್ದಮೆ ಹೂಡಲು 151ನೇ ಕಲಂ ಸರ್ಕಾರದ ಅನುಮತಿ ಕೇಳುತ್ತದೆ. ಗುಂಡಿನ ಲೆಕ್ಕ ಕೊಡಬೇಕಾದವರ ಕೈಯಲ್ಲೇ ಲೆಕ್ಕದ ಪುಸ್ತಕವೂ ಇದ್ದಂತಾಯಿತು.

ನಮ್ಮ ಶಾಸಕರು ಎರಡು ಕೆಲಸ ಮಾಡಲಿ. ಪ್ರತಿ ಗೋಲಿಬಾರಿನ ತನಿಖಾ ವರದಿಯೂ ಗೊತ್ತಾದ ಅವಧಿಯೊಳಗೆ ಸದನದ ಮುಂದೆ ಬರಲಿ. ಜನ ಬೀದಿಗಿಳಿದ ದಿನವೇ, ಅವರ ಬೇಡಿಕೆಯ ಮೇಲೆ ತೀರ್ಮಾನ ಮಾಡುವ ಅಧಿಕಾರವಿರುವವರು ಅವರೆದುರು ಬಂದು ಕೂರಲಿ. ನಿಷೇಧಾಜ್ಞೆ ಅದಾದ ಮೇಲಿನ ಮಾತು.