ದುಷ್ಟರ ಪಟ್ಟಿಯೂ ನಮ್ಮ ಹೊಣೆಯೂ



ಮಕ್ಕಳ ಮೇಲೆ ದೌರ್ಜನ್ಯವೆಸಗಿದವರ ಹೆಸರು, ವಿಳಾಸ, ಭಾವಚಿತ್ರಗಳನ್ನು ಸರ್ಕಾರವು ಪಟ್ಟಿ ಮಾಡಿ ಬಸ್ ನಿಲ್ದಾಣದ ಗೋಡೆಗೆ ಅಂಟಿಸಬೇಕೆಂಬ ಮಾತು ಆಗಾಗ ಕೇಳಿಬರುತ್ತದೆ. ಹಂಗಳದಲ್ಲಿಯೂ ಅದನ್ನು ಕೇಳಿದ್ದೇನೆ. ಗೋಪಾಲಸ್ವಾಮಿ ಬೆಟ್ಟಕ್ಕೂ ಬಂಡೀಪುರಕ್ಕೂ ಹೋಗುವ ವಾಹನಗಳು ಹಾದುಹೋಗುವ ಊರಿದು. ಚೆಂಡುಹೂವು ಅರಳಿದ ಕಾಲದಲ್ಲಿ ಅಪರಿಚಿತರು ಹೊಲಕ್ಕಿಳಿದು ಚಿತ್ರ ತೆಗೆದುಕೊಳ್ಳುತ್ತಾರೆ. ಆದುದರಿಂದ ಕೇಡೆಂಬುದು ಊಟಿ ರಸ್ತೆಯ ಮೇಲೆ ಕಾರಿನಲ್ಲಿ ಬರುತ್ತದೆಂದು ನಂಬುವುದು ನಮಗೆ ಸುಲಭವಾಗಿದೆ. ಈ ಸುಲಭದ ನಂಬಿಕೆಯನ್ನೇ ನಾನು ಇಲ್ಲಿ ಪ್ರಶ್ನಿಸಬಯಸುತ್ತೇನೆ.

ಪಟ್ಟಿ ಇಲ್ಲವೆಂದಲ್ಲ. 2018ರ ಸೆಪ್ಟೆಂಬರ್ 20ರಂದು ಕೇಂದ್ರ ಗೃಹ ಇಲಾಖೆಯು ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದಾಖಲೆಯೊಂದನ್ನು ಆರಂಭಿಸಿತು. ಮೊದಲ ದಿನವೇ ಅದರಲ್ಲಿ 4.4 ಲಕ್ಷ ನಮೂದುಗಳಿದ್ದವು. ಪೊಲೀಸರು ಮೊದಲಾದ ಕಾನೂನು ಪಾಲಕರ ಹೊರತು ಅನ್ಯರು ಅದನ್ನು ನೋಡುವಂತಿಲ್ಲ. ‘ಪಾಪಿಗಳ ಹೆಸರಿಗೆ ಗುಟ್ಟೇಕೆ?’ ಎಂದು ಹಲವರು ಕೋಪಗೊಳ್ಳುತ್ತಾರೆ. ಗುಟ್ಟಾಗಿರುವುದೇ ಸರಿಯೆಂಬುದು ನನ್ನ ಅಭಿಪ್ರಾಯ.

ಕಾರಣವನ್ನು ಕೇಳಿರಿ. 2007ರಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯು 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿ ವರದಿಯೊಂದನ್ನು ಪ್ರಕಟಿಸಿತು. ಲೈಂಗಿಕ ದೌರ್ಜನ್ಯವೆಸಗಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು, ಮಗುವು ನಂಬಿದವರು. ಹೆಚ್ಚಿನ ಮಕ್ಕಳು ತಮಗಾದುದನ್ನು ಯಾರೊಡನೆಯೂ ಹೇಳಿಕೊಂಡಿರಲಿಲ್ಲ. ಅಲ್ಲಿಂದೀಚೆಗೆ ಮಕ್ಕಳ ಮೇಲಿನ ಅತ್ಯಾಚಾರದ ಪೊಲೀಸ್ ಲೆಕ್ಕಗಳನ್ನು ನೋಡಿದರೆ, ನೂರಕ್ಕೆ ತೊಂಬತ್ತಕ್ಕೂ ಮಿಕ್ಕಿ ಆರೋಪಿಗಳು ಮನೆಯವರು, ನೆರೆಯವರು, ಪರಿಚಿತರೇ ಆಗಿರುತ್ತಾರೆ. ಹಾಗಿದ್ದ ಮೇಲೆ ಗೋಡೆಗೆ ಏರುವ ಹೆಸರು ಯಾರದು? ಚಿಕ್ಕಪ್ಪನ ಹೆಸರು ಗೋಡೆಗೇರಿದ ಸಂಜೆಯೇ ಆ ಹುಡುಗಿ ಯಾರೆಂಬುದು ಊರಿನ ಮನೆಮನೆಗೂ ತಿಳಿದುಹೋಗುತ್ತದೆ. ಮಗುವಿನ ಗುರುತನ್ನು ಪತ್ರಿಕೆಗಳು ಬಯಲು ಮಾಡಬಾರದೆಂದು ಪೋಕ್ಸೊ ಕಾಯ್ದೆಯ 23ನೆಯ ಕಲಮು ಹೇಳುತ್ತದೆ. ಪತ್ರಿಕೆ ಮಾಡಬಾರದ ಕೆಲಸವನ್ನು ಸರ್ಕಾರದ ಗೋಡೆ ಮಾಡಬಹುದೇ? ಅಂಥ ಗೋಡೆಯೊಂದು ಇದೆಯೆಂದು ತಿಳಿದ ಯಾವ ತಾಯಿ ಠಾಣೆಯ ಮೆಟ್ಟಿಲು ಹತ್ತಿಯಾಳು?

ಹೊರದೇಶದ ಅನುಭವವೂ ಎಚ್ಚರಿಕೆ ನೀಡುವಂತಿದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು ಮಕ್ಕಳನ್ನು ಹಿಂಸಿಸಿದವರೆಂದು ಶಂಕೆಗೊಳಗಾದವರ ಸೂಚಿಯೊಂದನ್ನು 1965ರಿಂದಲೂ ಇಟ್ಟಿದೆ. ದಂಪತಿಗಳಿಬ್ಬರು ನಿರಪರಾಧಿಗಳೆಂದು ನ್ಯಾಯಾಲಯವೇ ಸಾರಿದ ಮೇಲೂ ಅವರ ಹೆಸರು ಆ ಸೂಚಿಯಲ್ಲಿಯೇ ಉಳಿಯಿತು. ಹೆಸರು ತೆಗೆಸಲು ನ್ಯಾಯವಾದ ಮಾರ್ಗವಿಲ್ಲದಿರುವುದು ಸಂವಿಧಾನಕ್ಕೆ ವಿರುದ್ಧವೆಂದು 2009ರಲ್ಲಿ ಮೇಲ್ಮನವಿ ನ್ಯಾಯಾಲಯವು ಹೇಳಬೇಕಾಯಿತು. ಪಟ್ಟಿಗೆ ಹೆಸರು ಸೇರಿಸುವುದು ಒಂದು ಗಳಿಗೆಯ ಕೆಲಸ. ತೆಗೆಸುವುದಕ್ಕೆ ಆಯುಷ್ಯವೇ ಸಾಲದು.

ಇನ್ನು ನಮ್ಮ ಮನೆಯ ಮಾತಿಗೆ ಬರೋಣ. ದೆಹಲಿಯ ಪಟ್ಟಿಗೆ ಹೆಸರು ಸೇರಬೇಕಾದರೆ ಶಿಕ್ಷೆಯಾಗಬೇಕು. ಶಿಕ್ಷೆಯಾಗಬೇಕಾದರೆ ದೂರು ಬೇಕು. ದೂರನ್ನು ಕೊಡುವವರು ಯಾರು? 2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೊ ಕಾಯ್ದೆಯ 19ನೆಯ ಕಲಮಿನಂತೆ, ವಿಷಯವನ್ನರಿತ ಪ್ರತಿಯೊಬ್ಬರೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆವಾಸ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಕೃತ್ಯವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಆದರೆ ನಾವು ಮಾಡುವುದೇನು? ಜಗಲಿಯ ಮೇಲೆ ಪಂಚಾಯಿತಿ ಸೇರಿಸುತ್ತೇವೆ. ಮನೆತನದ ಮರ್ಯಾದೆ, ಮುಂದೆ ಹುಡುಗಿಯ ಮದುವೆ ಎಂದು ಹಿರಿಯರು ಬುದ್ಧಿ ಹೇಳುತ್ತಾರೆ. ಮಗುವನ್ನು ಸೋದರಮಾವನ ಮನೆಗೆ ಕಳುಹಿಸಿ ಕೈತೊಳೆದುಕೊಳ್ಳುತ್ತೇವೆ. ಆ ಹಿರಿಯರ ನಡುವೆ ವಿಭೂತಿ ಧರಿಸಿದ ನಾವೂ ಕುಳಿತಿರುತ್ತೇವೆಂಬುದನ್ನು ಅಲ್ಲಗಳೆಯಬಲ್ಲಿರಾ? ಅಪರಾಧಿಯ ಹೆಸರನ್ನು ಠಾಣೆಯಲ್ಲಿ ಬರೆಸದವರೇ ಅದನ್ನು ಗೋಡೆಯ ಮೇಲೆ ಬರೆಯಿರೆಂದು ಸರ್ಕಾರವನ್ನು ಕೇಳುತ್ತಿರುವುದು ವಿಚಿತ್ರವೇ ಸರಿ.

ಮಕ್ಕಳ ಅಲಕ್ಷ್ಯವೂ ಅಪರಾಧವೆಂದು 2015ರ ಬಾಲನ್ಯಾಯ ಕಾಯ್ದೆಯ 75ನೆಯ ಕಲಮು ಹೇಳುತ್ತದೆ. ಕೂಲಿಗಾಗಿ ಗಡಿಯಾಚೆ ಹೋದ ತಾಯಿತಂದೆಯರನ್ನು ಇದರಡಿ ದೂಷಿಸುವುದಕ್ಕೆ ನನಗೆ ನಾಲಗೆ ಬಾರದು. ಅವರು ಬಿಟ್ಟುಹೋದ ಮಕ್ಕಳನ್ನು ವಿಚಾರಿಸದ ಊರಿನ ಮಾತು ಬೇರೆ.

ನಾನು ಒಂದು ಉಚಿತ ವಿದ್ಯಾರ್ಥಿ ನಿಲಯದ ಅನ್ನವುಂಡು ಓದಿದವನು. ಆ ಋಣವನ್ನು ಮರೆತು ಬರೆಯುತ್ತಿಲ್ಲ. ನಮ್ಮ ಕೊಠಡಿಯಲ್ಲಿ ನನಗಿಂತ ಚಿಕ್ಕವನೊಬ್ಬನಿದ್ದ. ಒಂದು ಬೆಳಗಿನ ಜಾವ ಹಾಸಿಗೆ, ಟ್ರಂಕು ಎಲ್ಲವನ್ನೂ ಬಿಟ್ಟು ಹೊರಟುಹೋದ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಕೆಂಪು ಮಸಿಯಲ್ಲಿ ‘ಬಿಟ್ಟು ಹೋಗಿದ್ದಾನೆ’ ಎಂದು ಬರೆದರು. ಏಕೆ ಹೋದನೆಂದು ಯಾರೂ ಕೇಳಲಿಲ್ಲ. ಅಡುಗೆಯವನ ವಿಷಯವಾಗಿ ಹುಡುಗರಲ್ಲಿ ಪಿಸುಮಾತಿತ್ತು. ನಾನೂ ಕೇಳಿದ್ದೆ, ನಾನೂ ಹೇಳಲಿಲ್ಲ.

2022ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಮಠವೊಂದರ ವಿದ್ಯಾರ್ಥಿನಿಯರ ದೂರು ಮೈಸೂರಿನ ಠಾಣೆಯಲ್ಲಿ ದಾಖಲಾಯಿತು. 2025ರ ನವೆಂಬರ್‌ನಲ್ಲಿ ಚಿತ್ರದುರ್ಗದ ನ್ಯಾಯಾಲಯವು ಆ ಪ್ರಕರಣದಲ್ಲಿ ಪೀಠಾಧಿಪತಿಗಳನ್ನು ದೋಷಮುಕ್ತರನ್ನಾಗಿಸಿತು. ತೀರ್ಪು ನ್ಯಾಯಾಲಯದ್ದು, ಅದರ ಮೇಲೆ ನಾನು ಮಾತು ಬೆಳೆಸುವುದಿಲ್ಲ. ಆದರೆ ಆ ದಿನಗಳಲ್ಲಿ ನಮ್ಮ ಸಮಾಜದಲ್ಲಿ ನಡೆದ ಮಾತನ್ನು ನೆನೆಯಿರಿ. ಪಿತೂರಿಯೆಂದವರಿದ್ದರು, ಅಪರಾಧವೆಂದವರಿದ್ದರು. ನಮ್ಮ ನಮ್ಮ ನಿಲಯಗಳಲ್ಲಿ ಮಗುವಿನ ಮಾತನ್ನು ಕೇಳುವವರು ಯಾರೆಂದು ವಿಚಾರಿಸಿದವರು ಎಷ್ಟು ಮಂದಿ?

ಆರೈಕೆ, ರಕ್ಷಣೆ ಬೇಕಾದ ಮಕ್ಕಳನ್ನು ಇರಿಸಿಕೊಂಡ ಸಂಸ್ಥೆಗಳು ಬಾಲನ್ಯಾಯ ಕಾಯ್ದೆಯ 41ನೆಯ ಕಲಮಿನಡಿ ನೋಂದಣಿಯಾಗಬೇಕು. ‘ನಮ್ಮದು ವಿದ್ಯಾರ್ಥಿ ನಿಲಯ, ಅನಾಥಾಲಯವಲ್ಲ’ ಎಂದು ನುಣುಚಿಕೊಳ್ಳುವ ಮಂಡಳಿಗಳುಂಟು. ತಬ್ಬಲಿ ಮಗು ಒಂದೂ ಇಲ್ಲದ ಪ್ರಸಾದ ನಿಲಯ ಯಾವುದು, ಹೇಳಿರಿ! 2020ರ ಪೋಕ್ಸೊ ನಿಯಮಗಳಂತೂ ಇನ್ನೂ ಸ್ಪಷ್ಟವಾಗಿವೆ. ಮಕ್ಕಳಿರುವ ಪ್ರತಿಯೊಂದು ಸಂಸ್ಥೆಯೂ ತನ್ನ ಎಲ್ಲ ನೌಕರರ ಪೂರ್ವಾಪರವನ್ನು ಪೊಲೀಸರ ಮೂಲಕ ಕಾಲಕಾಲಕ್ಕೆ ಪರಿಶೀಲಿಸಬೇಕು, ಗುತ್ತಿಗೆಯವರಿಗೂ ವಿನಾಯಿತಿಯಿಲ್ಲ. ದೆಹಲಿಯ ಪಟ್ಟಿಯನ್ನು ನೋಡುವ ಅಧಿಕಾರ ನಮಗಿಲ್ಲದಿದ್ದರೂ ಪೊಲೀಸರಿಗಿದೆ. ನಾವು ಅರ್ಜಿ ಬರೆಯಬೇಕಷ್ಟೆ.

ಹಿರಿಯ ವಿದ್ಯಾರ್ಥಿಗಳೇ, ಮುಂದಿನ ಸಮಾವೇಶಕ್ಕೆ ತಾವು ಹೋಗುವಿರಿ, ದೇಣಿಗೆ ಬರೆಸುವಿರಿ. ರಸೀದಿ ಪಡೆಯುವ ಮುನ್ನ ಅಡುಗೆಯವನ, ಕಾವಲುಗಾರನ, ಮೇಲ್ವಿಚಾರಕನ ಪರಿಶೀಲನಾ ಪತ್ರವನ್ನು ತೋರಿಸಿರೆಂದು ಕೇಳಿರಿ. ಕಳೆದ ವರ್ಷ ನಿಲಯ ಬಿಟ್ಟ ಹುಡುಗರ ಹೆಸರನ್ನೂ ಕೇಳಿರಿ. ದಾನಿಗಳ ಹೆಸರು ಕೆತ್ತಿದ ಕಲ್ಲಿನ ಪಕ್ಕದಲ್ಲಿ, ಏಳು ವರ್ಷದ ಮಗುವಿನ ಕಣ್ಣಿಗೆ ಎಟಕುವ ಎತ್ತರದಲ್ಲಿ, 1098 ಎಂಬ ಸಹಾಯವಾಣಿಯ ಸಂಖ್ಯೆಯನ್ನು ಬರೆಸಿದ್ದಾರೆಯೇ ಎಂದು ಹುಡುಕಿ ನೋಡಿರಿ.