ಅನುಮಾನ ಲಸಿಕೆಯ ಮೇಲೆ, ಏಟು ಸೋಂಕಿನಿಂದ

ಕೋವಿಶೀಲ್ಡ್ ಮತ್ತು ಕೋವ್ಯಾಕ್ಸಿನ್ ಲಸಿಕೆಗಳ ತುರ್ತು ಬಳಕೆಗೆ ಒಪ್ಪಿಗೆ ಸಿಕ್ಕಿದ್ದು 2021ರ ಜನವರಿ 3ರಂದು. ಅದೇ ದಿನ ದೇಶದ ಔಷಧ ಮಹಾನಿಯಂತ್ರಕ ವಿ.ಜಿ. ಸೋಮಾನಿ ಅವರು ಒಂದು ವದಂತಿಗೂ ಉತ್ತರ ಕೊಡಬೇಕಾಯಿತು. ಲಸಿಕೆ ಹಾಕಿಸಿಕೊಂಡರೆ ಗಂಡಸುತನ ಹೋಗುತ್ತದೆ ಎಂಬ ಮಾತು ಆಗಲೇ ಹಬ್ಬಿತ್ತು. ಅದು ಶುದ್ಧ ಅಸಂಬದ್ಧ ಎಂದು ಅವರು ಖಡಾಖಂಡಿತವಾಗಿ ಹೇಳಿದರೂ ಭಯ ಅಷ್ಟು ಬೇಗ ಇಳಿಯಲಿಲ್ಲ. ಸೋಂಕೇ ತಗುಲಿದರೆ ಏನಾಗುತ್ತದೆ ಎಂದು ಕೇಳಿದವರು ಮಾತ್ರ ಕಡಿಮೆ.

ಕೊರೊನಾ ವೈರಾಣು ಜೀವಕೋಶದೊಳಗೆ ನುಗ್ಗುವ ಬಾಗಿಲು ಎಸಿಇ2 ಎಂಬ ಪ್ರೋಟೀನು. ವೃಷಣದಲ್ಲೂ ಅದು ಇದೆ: ವೀರ್ಯಾಣುಗಳನ್ನು ಪೋಷಿಸುವ ಸೆರ್ಟೋಲಿ ಕೋಶಗಳಲ್ಲಿ, ಟೆಸ್ಟೋಸ್ಟೆರಾನ್ ತಯಾರಿಸುವ ಲೇಡಿಗ್ ಕೋಶಗಳಲ್ಲಿ. ಇದರ ಜೊತೆಗೆ ಜ್ವರ. ವೃಷಣ ದೇಹಕ್ಕಿಂತ ಎರಡು ಮೂರು ಡಿಗ್ರಿ ತಂಪಾಗಿದ್ದರೆ ಮಾತ್ರ ವೀರ್ಯಾಣು ಸರಿಯಾಗಿ ತಯಾರಾಗುತ್ತದೆ. ಮೈ ಸುಡುವ ಜ್ವರ ಆ ತಂಪನ್ನು ಕೆಡಿಸುತ್ತದೆ. ವೈರಾಣು ಸೋಂಕು ವೃಷಣವನ್ನು ತಟ್ಟುವುದು ಹೊಸದೂ ಅಲ್ಲ: ಪ್ರಾಯಕ್ಕೆ ಬಂದ ಮೇಲೆ ಮಂಗನಬಾವು ಬಂದರೆ ವೃಷಣ ಊದಿಕೊಳ್ಳುವುದುಂಟು ಎಂಬುದು ವೈದ್ಯರಿಗೆ ಹಿಂದಿನಿಂದಲೂ ಗೊತ್ತಿರುವ ಸಂಗತಿ.

ಬೆಲ್ಜಿಯಂನಲ್ಲಿ ಕೋವಿಡ್‌ನಿಂದ ಚೇತರಿಸಿಕೊಂಡ 120 ಗಂಡಸರ ವೀರ್ಯ ಪರೀಕ್ಷೆ ನಡೆಯಿತು. ಸೋಂಕಿನ ನಂತರ ಒಂದು ತಿಂಗಳೊಳಗೆ ಪರೀಕ್ಷೆಗೆ ಬಂದವರಲ್ಲಿ ಶೇ 60ರಷ್ಟು ಮಂದಿಯ ವೀರ್ಯಾಣುಗಳ ಚಲನೆ ಕುಂದಿತ್ತು, ಶೇ 37ರಷ್ಟು ಮಂದಿಯಲ್ಲಿ ಸಂಖ್ಯೆ ಕಡಿಮೆಯಿತ್ತು. ಎರಡು ತಿಂಗಳ ಬಳಿಕ ಬಂದವರಲ್ಲಿ ಈ ಪ್ರಮಾಣ ಶೇ 28 ಮತ್ತು ಶೇ 6. ಕಾಯಿಲೆ ಜೋರಾಗಿ ಬಂದವರಿಗೆ ಹೆಚ್ಚು ಹಾನಿ, ಸೌಮ್ಯವಾಗಿ ಬಂದವರಿಗೆ ಕಡಿಮೆ ಎಂಬ ಲೆಕ್ಕವೂ ಅಲ್ಲಿ ಕಾಣಲಿಲ್ಲ. ಪಾಟ್ನಾದ ಏಮ್ಸ್‌ನಲ್ಲಿ 19ರಿಂದ 45 ವರ್ಷದ 30 ಮಂದಿಯನ್ನು ಪರೀಕ್ಷಿಸಿದಾಗ ವೀರ್ಯದಲ್ಲಿ ವೈರಾಣು ಸಿಗಲಿಲ್ಲ, ಆದರೆ ಗುಣಮಟ್ಟ ಕುಸಿದಿತ್ತು. 74 ದಿನ ಬಿಟ್ಟು ನೋಡಿದಾಗ ಸುಧಾರಣೆ ಕಂಡರೂ ಪೂರ್ತಿ ಸರಿಹೋಗಿರಲಿಲ್ಲ. ಸ್ಪೇನಿನ ಸಂಶೋಧಕರು 2023ರಲ್ಲಿ ಮಂಡಿಸಿದ 45 ಮಂದಿಯ ಅಧ್ಯಯನದಲ್ಲಿ ನೂರು ದಿನ ದಾಟಿದ ಮೇಲೂ ಚೇತರಿಕೆ ಅರೆಬರೆಯೇ.

74 ದಿನದ ಲೆಕ್ಕಕ್ಕೆ ಕಾರಣವಿದೆ. ಒಂದು ವೀರ್ಯಾಣು ತಯಾರಾಗಲು ಸುಮಾರು ಅಷ್ಟು ದಿನ ಬೇಕು. ಬಲಿತು ಹೊರಬರಲು ಇನ್ನೊಂದೆರಡು ವಾರ. ಇವತ್ತಿನ ಜ್ವರದ ಪೆಟ್ಟು ಮುಂದಿನ ತಿಂಗಳ ವರದಿಯಲ್ಲಿ ಕಾಣಿಸುವುದು ಹೀಗೆ.

ಇವೆಲ್ಲ ಸಣ್ಣ ಅಧ್ಯಯನಗಳು, ಗಾಬರಿ ಬೇಡ. ಅಮೆರಿಕದ ಬಾಸ್ಟನ್ ವಿಶ್ವವಿದ್ಯಾಲಯದ ತಂಡ ಮಗುವಿಗಾಗಿ ಪ್ರಯತ್ನಿಸುತ್ತಿದ್ದ ಎರಡು ಸಾವಿರಕ್ಕೂ ಹೆಚ್ಚು ದಂಪತಿಗಳ ಮಾಹಿತಿ ಕಲೆಹಾಕಿ 2022ರಲ್ಲಿ ಪ್ರಕಟಿಸಿತು. ಗಂಡನಿಗಾಗಲಿ ಹೆಂಡತಿಗಾಗಲಿ ಲಸಿಕೆ ಹಾಕಿದ್ದರಿಂದ ಗರ್ಭ ನಿಲ್ಲುವ ಸಾಧ್ಯತೆ ಕುಗ್ಗಲಿಲ್ಲ. ಕುಗ್ಗಿದ್ದು, ಹಿಂದಿನ 60 ದಿನಗಳೊಳಗೆ ಗಂಡನಿಗೆ ಸೋಂಕು ತಗುಲಿದ್ದಾಗ: ಸುಮಾರು ಶೇ 18ರಷ್ಟು. ಆ ಅವಧಿ ದಾಟಿದ ಮೇಲೆ ವ್ಯತ್ಯಾಸ ಉಳಿಯಲಿಲ್ಲ. ಮಿಯಾಮಿಯಲ್ಲಿ 45 ಮಂದಿಯ ವೀರ್ಯವನ್ನು ಲಸಿಕೆಗೆ ಮುಂಚೆ ಮತ್ತು ನಂತರ ಪರೀಕ್ಷಿಸಿದಾಗಲೂ ಇಳಿಕೆ ಕಾಣಲಿಲ್ಲ.

ಆದರೂ ನಮ್ಮ ಮನೆಗಳಲ್ಲಿ ಮಗುವಾಗಲಿಲ್ಲವೆಂದರೆ ಮೊದಲು ಆಸ್ಪತ್ರೆಯ ಮೆಟ್ಟಿಲು ಹತ್ತುವವಳು ಸೊಸೆ. ಸ್ಕ್ಯಾನು, ರಕ್ತ ಪರೀಕ್ಷೆ, ಹರಕೆ ಎಲ್ಲ ಮುಗಿದ ಮೇಲೆ ಮಗನ ಸರದಿ. ಬಂಜೆತನದ ಪ್ರಕರಣಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟರಲ್ಲಿ ಗಂಡಿನ ಕಡೆಯ ಕಾರಣವೂ ಇರುತ್ತದೆ. ಗಂಡಿನ ಪರೀಕ್ಷೆಯೋ ಬಹಳ ಸರಳ: ಎರಡರಿಂದ ಏಳು ದಿನ ಸಂಯಮ, ಒಂದು ಚಿಕ್ಕ ಡಬ್ಬಿ, ಗಂಟೆಯೊಳಗೆ ಲ್ಯಾಬಿಗೆ. ವೀರ್ಯ ತೆಳುವಾಗಲು ಅರ್ಧ ಗಂಟೆ ಕಾದು, ಗೆರೆ ಎಳೆದ ಗಾಜಿನ ಮೇಲೆ ಹನಿ ಇಟ್ಟು ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಕೆಳಮಿತಿ ಮಿಲಿಲೀಟರಿಗೆ 1.6 ಕೋಟಿ ವೀರ್ಯಾಣು.

ಇತ್ತೀಚೆಗೆ ಕೋವಿಡ್ ಅಥವಾ ಬೇರೆ ಯಾವುದೇ ಜೋರು ಜ್ವರ ಬಂದಿದ್ದರೆ ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಎಣಿಕೆ ಕಡಿಮೆ ಬಂದರೆ ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ಪರೀಕ್ಷಿಸಬೇಕು. ಈ ನಡುವೆ ಯಾರೋ ಹೇಳಿದರೆಂದು ಟೆಸ್ಟೋಸ್ಟೆರಾನ್ ಚುಚ್ಚುಮದ್ದು ತೆಗೆದುಕೊಳ್ಳುವುದು ಅಪಾಯ. ಅದು ವೀರ್ಯಾಣು ಉತ್ಪಾದನೆಯನ್ನೇ ತಗ್ಗಿಸುತ್ತದೆ. ಹೆಂಡತಿಯನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಸುವ ಮೊದಲು ಈ ಒಂದು ಪರೀಕ್ಷೆಗೆ ಗಂಡ ತಾನಾಗಿ ಮುಂದೆ ಬರಲಿ.