ಮಗಳು ‘ಪರಿಸರದ ಲಾಯರ್’ ಆಗ್ತೀನಿ ಅಂದರೆ...

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಎರಡು ಸಲ ಓದಿದೆ. ಬರೆದವರು ಒಬ್ಬ ತಾಯಿ. ಊರು ಮಲೆನಾಡಿನ ಸೆರಗಿನಲ್ಲಿದೆ, ಅಷ್ಟು ಹೇಳಿದರೆ ಸಾಕು. ಮಗಳು ಮೂರು ವರ್ಷದ ಎಲ್‌ಎಲ್‌.ಬಿ.ಯ ಕೊನೇ ಸೆಮಿಸ್ಟರ್‌ನಲ್ಲಿದ್ದಾಳೆ. ‘ಪರಿಸರ ಕಾನೂನಿನಲ್ಲೇ ಪ್ರಾಕ್ಟೀಸ್ ಮಾಡ್ತೀನಿ ಅಂತ ಹಟ ಹಿಡಿದು ಕೂತಿದ್ದಾಳೆ ಮೇಡಂ. ಮರ ಬಂದು ವಕಾಲತ್ತಿಗೆ ಸಹಿ ಹಾಕುತ್ತಾ, ಫೀಸು ಕೊಡುತ್ತಾ ಅಂತ ಅವಳಪ್ಪ ಕೇಳ್ತಾರೆ. ನಮ್ಮಣ್ಣ ತಾಲ್ಲೂಕು ಕೋರ್ಟಿನಲ್ಲಿ ವಕೀಲರು. ನನ್ನ ಆಫೀಸಿಗೆ ಬಂದು ಪಾಲಿನ ದಾವೆ ನೋಡಿಕೊಳ್ಳಲಿ ಅಂತಾರೆ. ಇವಳು ಸುತರಾಂ ಒಪ್ಪಲ್ಲ. ಮನೆಯಲ್ಲಿ ಮಾತೇ ನಿಂತುಹೋಗಿದೆ. ನಾನು ಯಾರ ಕಡೆ ನಿಲ್ಲಲಿ?’

ಅಮ್ಮಾ, ಒಬ್ಬರ ಕಡೆ ಮಾತ್ರ ನಿಲ್ಲಬೇಕು ಅಂತ ಯಾಕೆ ಅಂದುಕೊಂಡಿರಿ? ಆ ಮೂವರ ಮಾತಿನಲ್ಲೂ ಹುರುಳಿದೆ. ಇದೇ ಪ್ರಶ್ನೆ ಇನ್ನೂ ಹಲವು ಮನೆಗಳಲ್ಲಿ ಇರಬಹುದು ಅನ್ನಿಸಿದ್ದರಿಂದ ಉತ್ತರವನ್ನು ಇಲ್ಲೇ ಬರೆಯುತ್ತಿದ್ದೇನೆ.

ಮೊದಲು ಅಪ್ಪನ ಪ್ರಶ್ನೆ. ಅದನ್ನು ಒರಟು ಅಂತ ತಳ್ಳಿಹಾಕಬೇಡಿ. ಸಾಲ ಮಾಡಿ ಓದಿಸಿದವರು ಕೇಳುವ ಪ್ರಶ್ನೆಯೇ ಅದು. ನಮ್ಮಲ್ಲಿ ಕಾಯಿದೆಗಳಿಗೆ ಬರವಿಲ್ಲ. 1972ರಲ್ಲಿ ವನ್ಯಜೀವಿ, 1974ರಲ್ಲಿ ಜಲಮಾಲಿನ್ಯ, 1980ರಲ್ಲಿ ಅರಣ್ಯ, 1981ರಲ್ಲಿ ವಾಯುಮಾಲಿನ್ಯ ಕಾಯಿದೆಗಳು ಬಂದವು. 1984ರಲ್ಲಿ ಭೋಪಾಲದ ಅನಿಲ ದುರಂತ ಆಯಿತು, ಎರಡು ವರ್ಷದಲ್ಲಿ ಪರಿಸರ ಸಂರಕ್ಷಣಾ ಕಾಯಿದೆ ಬಂತು. 2010ರಲ್ಲಿ ಇಂಥ ಕೇಸುಗಳಿಗೆಂದೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಕಾಯಿದೆಯೂ ಆಯಿತು. ಕಾಯಿದೆ ಇದ್ದಲ್ಲಿ ವಕೀಲರಿಗೆ ಕೆಲಸ ಇದ್ದೇ ಇರುತ್ತದೆ. ಆದರೆ ಆ ಕೆಲಸಕ್ಕೆ ದುಡ್ಡು ಕೊಡುವವರು ಯಾರು ಅನ್ನೋದೇ ನಿಜವಾದ ವಿಷಯ.

ಕೆರೆ ಒತ್ತುವರಿಯಾಯಿತು ಅಂತ ಬರುವ ಊರಿನವರ ಕೈಯಲ್ಲಿ ದುಡ್ಡಿರುವುದಿಲ್ಲ. ದುಡ್ಡಿರುವುದು ಇನ್ನೊಂದು ಕಡೆ. ಕಾರ್ಖಾನೆ ಶುರು ಮಾಡುವ ಮೊದಲು, ನಡೆಸುವಾಗ, ಎರಡಕ್ಕೂ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕು. ಆಸ್ಪತ್ರೆಗೆ ಅದರ ತ್ಯಾಜ್ಯದ ಲೆಕ್ಕ ಇಡಬೇಕು, ದೊಡ್ಡ ಅಪಾರ್ಟ್‌ಮೆಂಟಿಗೆ ಕೊಳಚೆ ನೀರಿನ ಶುದ್ಧೀಕರಣ ಘಟಕದ ತಲೆನೋವು. ಷೇರುಪೇಟೆಯಲ್ಲಿರುವ ಮೊದಲ 1000 ದೊಡ್ಡ ಕಂಪನಿಗಳು 2022-23ರಿಂದ ನೀರು, ವಿದ್ಯುತ್, ತ್ಯಾಜ್ಯದ ವಿವರವನ್ನು ವಾರ್ಷಿಕ ವರದಿಯಲ್ಲಿ ಕೊಡಲೇಬೇಕು ಅಂತ ಸೆಬಿ ನಿಯಮವಿದೆ. ಇದನ್ನೆಲ್ಲ ಓದಿ, ಬರೆದು, ಗಡುವು ನೆನಪಿಡಲು ಕಾನೂನು ಬಲ್ಲವರು ಬೇಕು. ತಿಂಗಳ ಸಂಬಳ ಬೇಕು ಅನ್ನುವ ಹುಡುಗಿಯರಿಗೆ ಇದು ದಾರಿ. ಅದೇನು ಪಾಪದ ಕೆಲಸವಲ್ಲ. ‘ಸಾರ್, ಈ ನೀರನ್ನು ಹಳ್ಳಕ್ಕೆ ಬಿಡೋ ಹಾಗಿಲ್ಲ’ ಅಂತ ಒಳಗೇ ಕೂತು ಹೇಳುವವಳೊಬ್ಬಳು ಇದ್ದರೆ ಎಷ್ಟೋ ಕೇಸು ಕೋರ್ಟಿಗೇ ಬರುವುದಿಲ್ಲ. ಆದರೆ ವರದಿ ಚೆನ್ನಾಗಿ ಕಾಣುವ ಹಾಗೆ ಮಾಡಿಕೊಡಿ ಅಂತ ಮೇಲಿನವರು ಒಂದಲ್ಲ ಒಂದು ದಿನ ಕೇಳ್ತಾರೆ. ಆ ದಿನ ಏನು ಹೇಳ್ತೀನಿ ಅಂತ ಕೆಲಸಕ್ಕೆ ಸೇರುವ ಮುಂಚೆಯೇ ಯೋಚಿಸಿಟ್ಟುಕೊಂಡಿರುವುದು ಒಳ್ಳೆಯದು.

ಸಂಶೋಧನಾ ಸಂಸ್ಥೆಗಳು, ಸ್ವಯಂಸೇವಾ ಸಂಸ್ಥೆಗಳು, ಎಲ್‌ಎಲ್‌.ಎಂ. ಮಾಡಿ ನೆಟ್ ಅಥವಾ ಕೆ-ಸೆಟ್ ಬರೆದು ಪಾಠ ಹೇಳುವುದು, ಸರಕಾರಿ ಅಭಿಯೋಜಕಿಯಾಗಿ ಅರಣ್ಯ ಅಪರಾಧದ ಕೇಸು ನಡೆಸುವುದು - ಇವೂ ಇವೆ.

ಆದರೆ ಈ ಹುಡುಗಿ ಕೇಳುತ್ತಿರುವುದು ಅದ್ಯಾವುದನ್ನೂ ಅಲ್ಲ ಅಂತ ನನಗೆ ಗೊತ್ತು. ಅವಳ ತಲೆಯಲ್ಲಿರುವುದು ಕುದುರೆಮುಖ ಇರಬೇಕು. ರಾಷ್ಟ್ರೀಯ ಉದ್ಯಾನದ ನಡುವೆ ನಡೆಯುತ್ತಿದ್ದ ಕಬ್ಬಿಣದ ಅದಿರಿನ ಗಣಿ ವಿರುದ್ಧ ವೈಲ್ಡ್‌ಲೈಫ್ ಫಸ್ಟ್ ಸಂಸ್ಥೆ ಸುಪ್ರೀಂ ಕೋರ್ಟಿಗೆ ಹೋಯಿತು. 2002ರಲ್ಲಿ ತೀರ್ಪು ಬಂತು, 2005ರ ಕೊನೆಗೆ ಗಣಿ ನಿಂತಿತು. ಹೆಂಗಸೊಬ್ಬರ ಉದಾಹರಣೆ ಬೇಕೇ? ಪಕ್ಕದ ಗೋವಾ ನೋಡಿ. 1986ರಲ್ಲಿ ಶುರುವಾದ ಗೋವಾ ಫೌಂಡೇಶನ್ ಪರವಾಗಿ ವಕೀಲೆ ನಾರ್ಮಾ ಆಲ್ವಾರಿಸ್ ವರ್ಷಗಟ್ಟಲೆ ಅಲ್ಲಿನ ಹೈಕೋರ್ಟ್ ಪೀಠದಲ್ಲಿ ಪರಿಸರದ ಕೇಸು ನಡೆಸಿದರು. 2002ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ನನಗೆ ಅದಕ್ಕಿಂತ ಹೆಚ್ಚು ಕಾಡುವುದು ಕಿಂಕ್ರಿ ದೇವಿಯ ಕಥೆ. ಹಿಮಾಚಲದ ಸಿರ್ಮೌರ್ ಜಿಲ್ಲೆಯ ದಲಿತ ಹೆಂಗಸು. ಕಸ ಗುಡಿಸಿ ಬದುಕುತ್ತಿದ್ದವರು, ಓದು ಬರಹ ಇರಲಿಲ್ಲ. ಸುಣ್ಣಕಲ್ಲಿನ ಗಣಿಗಳಿಂದ ನೀರಿನ ಸೆಲೆ ಹಾಳಾಗಿ, ಹೊಲ ಕೆಡುವುದನ್ನು ನೋಡಲಾರದೆ 1987ರಲ್ಲಿ ಗಣಿ ಮಾಲೀಕರ ವಿರುದ್ಧ ಶಿಮ್ಲಾ ಹೈಕೋರ್ಟಿಗೆ ಹೋದರು. ಕೋರ್ಟು ಕಿವಿಗೊಡದಿದ್ದಾಗ ಅದರ ಮುಂದೆಯೇ 19 ದಿನ ಉಪವಾಸ ಕೂತರು. ಗಣಿಗಾರಿಕೆಗೆ ತಡೆ ಬಂತು. ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರೂ 1995ರಲ್ಲಿ ಸೋತರು. ಈಗ ಒಂದು ಕ್ಷಣ ಯೋಚಿಸಿ. ಸಹಿ ಹಾಕಲೂ ಬಾರದ ಆ ಹೆಂಗಸಿನ ಮಾತನ್ನು ಅರ್ಜಿಯ ಭಾಷೆಗೆ ಇಳಿಸಿ, ಕಾಗದ ಜೋಡಿಸಿ, ಕೋರ್ಟಿನ ಮುಂದಿಡಲು ಯಾರಾದರೂ ಬೇಕಿತ್ತಲ್ಲವೇ? ಅಂಥವರ ಫೋಟೊ ಪೇಪರಿನಲ್ಲಿ ಬರುವುದಿಲ್ಲ. ನಿಮ್ಮ ಮಗಳು ಆರಿಸಿಕೊಳ್ಳಲು ಹೊರಟಿರುವುದು ಅವರ ಕೆಲಸವನ್ನು.

ಮರ ಪ್ರೀತಿಸಿದರೆ ಸಾಲದು!

ಹಸಿರು ಕಂಡರೆ ಪ್ರಾಣ ಅನ್ನುವ ಹುಡುಗಿಯರಿಗೆ ಸ್ವಲ್ಪ ಬೇಸರವಾದರೂ ಹೇಳಲೇಬೇಕು: ಈ ವೃತ್ತಿ ಇರುವುದು ಕಾಡಿನಲ್ಲಲ್ಲ, ಕ್ಯಾಲೆಂಡರಿನಲ್ಲಿ. ಯೋಜನೆಯೊಂದಕ್ಕೆ ಪರಿಸರ ಅನುಮತಿ ಸಿಕ್ಕರೆ ಅದರ ವಿರುದ್ಧ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕಲು ಇರುವುದು 30 ದಿನ. ತಕ್ಕ ಕಾರಣ ಕೊಟ್ಟರೆ ಇನ್ನೂ 60 ದಿನ. ಅಲ್ಲಿಗೆ ಮುಗಿಯಿತು. ತೊಂಬತ್ತೊಂದನೇ ದಿನ ಬೆಟ್ಟದಷ್ಟು ಸಾಕ್ಷ್ಯ ಹೊತ್ತು ಹೋದರೂ ಬಾಗಿಲು ತೆರೆಯುವುದಿಲ್ಲ. ಊರಿನವರು ಮನವಿ ಕೊಟ್ಟು, ಧರಣಿ ಕೂತು, ಶಾಸಕರ ಮನೆಗೆ ಓಡಾಡುವಷ್ಟರಲ್ಲಿ ಮೂರು ತಿಂಗಳು ಕಳೆದುಹೋಗಿರುತ್ತದೆ. ‘ಮೊದಲೇ ಬಂದಿದ್ದರೆ...’ ಅಂತ ವಕೀಲರು ಕೈಚೆಲ್ಲುತ್ತಾರೆ. ಊರಿನಲ್ಲೇ ಒಬ್ಬಳು ದಿನ ಎಣಿಸುವವಳು ಇದ್ದಿದ್ದರೆ?

ಕೋರ್ಟಿಗಿಂತ ಮುಂಚಿನ ಕೆಲಸ ಇನ್ನೂ ದೊಡ್ಡದು. ಗಣಿ, ದೊಡ್ಡ ಕಾರ್ಖಾನೆಯಂಥ ಯೋಜನೆಗಳಿಗೆ 2006ರ ಅಧಿಸೂಚನೆ ಪ್ರಕಾರ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ನೋಟಿಸು, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ, ಜಿಲ್ಲಾಧಿಕಾರಿ ಅಥವಾ ಅವರ ಪ್ರತಿನಿಧಿಯ ಅಧ್ಯಕ್ಷತೆ - ಎಲ್ಲ ನಿಯಮದಲ್ಲಿದೆ. ಆದರೆ ಆ ಶಾಮಿಯಾನದ ಕೆಳಗೆ ಏನಾಗುತ್ತದೆ ಅಂತ ನೋಡಿದವರಿಗೆ ಗೊತ್ತು. ಮುಂದಿನ ಕುರ್ಚಿಗಳಲ್ಲಿ ಬಿಳಿ ಅಂಗಿಯವರು, ಹಿಂದೆ ನೆಲದ ಮೇಲೆ ಹೆಂಗಸರು. ದಿನಾ ನೀರು ಹೊರುವವರು ಅವರೇ, ಮೈಕು ಮಾತ್ರ ಅವರವರೆಗೆ ಬರುವುದಿಲ್ಲ. ಅಲ್ಲಿ ಎದ್ದು ನಿಂತು ‘ಈ ಅಕ್ಕ ಹೇಳಿದ್ದನ್ನು ನಡಾವಳಿಯಲ್ಲಿ ಬರೆದುಕೊಳ್ಳಿ, ಕೊನೆಗೆ ಓದಿ ಹೇಳಿ’ ಅನ್ನಬೇಕು. ಹಾಗೆ ಓದಿ ಹೇಳಬೇಕು ಅನ್ನೋದೂ ನಿಯಮವೇ. ಆ ಒಂದು ಸಾಲು ಮುಂದೆ ಮೇಲ್ಮನವಿಯಲ್ಲಿ ಬೆಲೆ ಬಾಳುತ್ತದೆ.

ಗೆದ್ದರೂ ಗೆಲುವು ಕೈಯಲ್ಲಿ ನಿಲ್ಲುತ್ತದೆ ಅಂತ ಇಲ್ಲ. ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಜಾಗ ಬಿಡಬೇಕು ಅಂತ 2016ರಲ್ಲಿ ಹಸಿರು ನ್ಯಾಯಮಂಡಳಿ ಹೇಳಿದಾಗ ಎಷ್ಟು ಸಂಭ್ರಮ! 2019ರಲ್ಲಿ ಸುಪ್ರೀಂ ಕೋರ್ಟ್ ಆ ಭಾಗವನ್ನು ರದ್ದು ಮಾಡಿತು. ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದ ಮೇಲೆ 2018ರ ಡಿಸೆಂಬರ್‌ನಲ್ಲಿ ನ್ಯಾಯಮಂಡಳಿ, ರಾಜ್ಯ ಸರಕಾರ 500 ಕೋಟಿ ರೂಪಾಯಿ ತೆಗೆದಿಡಬೇಕು ಅಂತಲೂ 50 ಕೋಟಿ ದಂಡ ಕಟ್ಟಬೇಕು ಅಂತಲೂ ಆದೇಶಿಸಿತು. ಆದೇಶ ಬಂದ ಮರುದಿನವೇ ಕೆರೆ ತಿಳಿಯಾಗುವುದಿಲ್ಲವಲ್ಲ! ಕಾಯಿದೆಗಳೂ ಬದಲಾಗುತ್ತಲೇ ಇರುತ್ತವೆ. ಪರಿಸರ ಸಂರಕ್ಷಣಾ ಕಾಯಿದೆಯಲ್ಲಿದ್ದ ಜೈಲು ಶಿಕ್ಷೆಯ ಬದಲು 2024ರ ಏಪ್ರಿಲ್‌ನಿಂದ ಹಲವು ಉಲ್ಲಂಘನೆಗಳಿಗೆ ದಂಡ ಬಂದಿದೆ. ಸೀನಿಯರ್‌ಗಳು ಕೊಟ್ಟ ಹಳೇ ಗೈಡ್ ಓದಿಕೊಂಡು ಹೋದರೆ ಕೋರ್ಟಿನಲ್ಲಿ ನಗೆಪಾಟಲು.

ಮಾವನ ಆಫೀಸು

ಈಗ ಹುಡುಗಿಗೆ ಒಂದು ಮಾತು. ಮಾವನ ಪಾಲಿನ ದಾವೆಗಳನ್ನು ನೋಡಿ ಮೂಗು ಮುರಿಯಬೇಡಮ್ಮ. ಅಣ್ಣತಮ್ಮಂದಿರು ಅರ್ಧ ಗುಂಟೆಗೆ ಬಡಿದಾಡುವ ಆ ಫೈಲುಗಳಲ್ಲಿ ಏನೇನಿರುತ್ತದೆ ಗೊತ್ತಾ? ಪಹಣಿ, ಮ್ಯುಟೇಶನ್, ಪೋಡಿ, ಆಕಾರ್‌ಬಂದ್, ಗ್ರಾಮ ನಕ್ಷೆ. ಕೆರೆ ಒತ್ತುವರಿ ಕೇಸಿನಲ್ಲೂ ಬೇಕಾಗುವುದು ಇವೇ! ‘ಬಿ’ ಖರಾಬು ಅಂದರೆ ಸಾರ್ವಜನಿಕರದ್ದು, ಹಳ್ಳ, ದಾರಿ, ಕೆರೆ ಅದರಲ್ಲಿ ಬರುತ್ತವೆ ಅಂತ ಪಠ್ಯಪುಸ್ತಕದಲ್ಲಿ ಓದುವುದು ಬೇರೆ. ಸರ್ವೆ ಆಫೀಸಿನ ಮಾಸಿದ ನಕ್ಷೆಯಲ್ಲಿ ರಾಜಕಾಲುವೆಯ ಗೆರೆ ಹುಡುಕಿ, ದೃಢೀಕೃತ ನಕಲು ತೆಗೆಸುವುದು ಬೇರೆ. ಮೊಬೈಲಿನ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ನೋಡಬಹುದು ನಿಜ, ಆದರೆ ಕೋರ್ಟು ಕೇಳುವುದು ಕಾಗದ. ಎಷ್ಟೋ ಪರಿಸರದ ಕೇಸುಗಳು ದಾಖಲೆ ಸರಿಯಿಲ್ಲದೆ ಬಿದ್ದುಹೋಗುತ್ತವೆ. ಮಾವನ ಹತ್ತಿರ ಎರಡು ವರ್ಷ ಕೂತರೆ ಈ ವಿದ್ಯೆ ಪುಕ್ಕಟೆಯಾಗಿ ಸಿಗುತ್ತದೆ, ಜೊತೆಗೆ ಬಸ್‌ಚಾರ್ಜಿಗಾದರೂ ಕಾಸು.

ಕಾಸಿನ ವಿಷಯ ಬಂತಲ್ಲ, ಮುಚ್ಚುಮರೆ ಬೇಡ. ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿ ಅಂತ 2024ರಲ್ಲಿ ಭಾರತೀಯ ವಕೀಲರ ಪರಿಷತ್ತು ಸೀನಿಯರ್‌ಗಳಿಗೆ ಸಲಹೆ ಮಾಡಿತು. ಅದು ಬರೀ ಸಲಹೆ, ಕಡ್ಡಾಯವಲ್ಲ. ಮೊದಲ ಮೂರು ವರ್ಷ ಪರಿಸರದ ಕೇಸನ್ನೇ ನಂಬಿ ರೂಮು ಬಾಡಿಗೆ ಕಟ್ಟುವುದು ಕಷ್ಟ. ಈ ಕೆಲಸದಲ್ಲಿ ನೆಲೆ ನಿಲ್ಲಬೇಕೆನ್ನುವವರು ಸಿವಿಲ್ ಕೇಸುಗಳನ್ನೂ ನಡೆಸುತ್ತ ಇದನ್ನು ಜೊತೆಗಿಟ್ಟುಕೊಳ್ಳುವುದೇ ವಾಸಿ. ಅದರಲ್ಲಿ ನಾಚಿಕೆಯೇನಿಲ್ಲ.

ಖರ್ಚಿನ ಒಂದೆರಡು ಲೆಕ್ಕ: ವಕೀಲರ ಪರಿಷತ್ತಿನ ನೋಂದಣಿ ಶುಲ್ಕ ಸಾಮಾನ್ಯ ವರ್ಗಕ್ಕೆ 750, ಪರಿಶಿಷ್ಟರಿಗೆ 125 ರೂಪಾಯಿಗಿಂತ ಹೆಚ್ಚಿರಕೂಡದು ಅಂತ 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎಐಬಿಇ ಪರೀಕ್ಷೆಯೂ ಪಾಸಾಗಬೇಕು. ಪರಿಹಾರ ಕೇಳದ ಅರ್ಜಿಗೆ ಹಸಿರು ನ್ಯಾಯಮಂಡಳಿಯ ಶುಲ್ಕ 1000 ರೂಪಾಯಿ. ನಮ್ಮ ರಾಜ್ಯದ ಕೇಸುಗಳು ಚೆನ್ನೈ ಪೀಠಕ್ಕೆ ಹೋಗುತ್ತವೆ. ಕೋವಿಡ್ ನಂತರ ವಿಡಿಯೊ ಮೂಲಕ ವಾದಿಸುವುದು ರೂಢಿಗೆ ಬಂದಿರುವುದರಿಂದ ಪ್ರತಿ ಸಲ ರೈಲು ಹತ್ತಬೇಕಿಲ್ಲ. ಕಕ್ಷಿದಾರರು ಹೆಂಗಸರಾದರೆ ಅವರ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವಿಗೆ ಅವರು ಅರ್ಹರು. 1987ರ ಕಾಯಿದೆಯಲ್ಲೇ ಇದೆ, ಹೆಂಗಸರಿಗೇ ಗೊತ್ತಿಲ್ಲ! ಪರಿಸರ ಕಾನೂನಿನ ಡಿಪ್ಲೊಮಾ ಅಂತ ಜಾಹೀರಾತು ಕಂಡರೆ ದುಡ್ಡು ಕಟ್ಟುವ ಮೊದಲು ವಿಶ್ವವಿದ್ಯಾಲಯಕ್ಕೇ ಫೋನ್ ಮಾಡಿ ವಿಚಾರಿಸಿ. ಎಲ್‌ಎಲ್‌.ಬಿ.ಯಲ್ಲಿ ಈ ವಿಷಯ ಕಡ್ಡಾಯವಾಗಿಯೇ ಇದೆ. ಮೊದಲು ಅದನ್ನು ಸರಿಯಾಗಿ ಓದಿದರೆ ಅರ್ಧ ಡಿಪ್ಲೊಮಾ ಆದಂತೆ.

ಅಮ್ಮಂದಿರ ಮನಸ್ಸಿನ ಇನ್ನೊಂದು ಭಯ ಹೇಳದೆಯೂ ಗೊತ್ತಾಗುತ್ತದೆ. ಮರಳು, ಗಣಿ, ರಿಯಲ್ ಎಸ್ಟೇಟ್‌ನವರ ತಂಟೆಗೆ ಹೋಗುವುದು ಹುಡುಗಾಟವಲ್ಲ. ಹಾಗಂತ ಮಗಳನ್ನು ಮನೆಯಲ್ಲಿ ಕೂರಿಸಲಾಗುವುದಿಲ್ಲ. ಜಾಗ ನೋಡಲು ಒಬ್ಬಳೇ ಹೋಗಕೂಡದು, ಊರಿನವರು ನಾಲ್ಕು ಜನ ಜೊತೆಗಿರಲಿ. ಅರ್ಜಿ ಒಬ್ಬಳ ಹೆಸರಿನಲ್ಲಲ್ಲ, ಹತ್ತು ಜನರ ಹೆಸರಿನಲ್ಲಿರಲಿ. ಬೆದರಿಕೆ ಬಂದರೆ ಬಾಯಿಮಾತಿನಲ್ಲಿ ಬಿಡದೆ ಅವತ್ತೇ ಪೊಲೀಸರಿಗೆ ಬರೆದುಕೊಡಬೇಕು. ಇದು ಗಂಡು ಹುಡುಗರಿಗೂ ಹೇಳುವ ಮಾತೇ.

ಪತ್ರ ಬರೆದ ತಾಯಿಗೆ: ರಾಜಿ ಹೀಗೆ ಮಾಡಿಸಿ ನೋಡಿ. ವಾರದಲ್ಲಿ ನಾಲ್ಕು ದಿನ ಮಾವನ ಆಫೀಸು, ಒಂದು ದಿನ ಅವಳದ್ದು. ಆ ದಿನ ಅವಳು ಮಾಹಿತಿ ಹಕ್ಕಿನ ಅರ್ಜಿ ಹಾಕಲಿ - ಹತ್ತು ರೂಪಾಯಿ, ಮೂವತ್ತು ದಿನ. ನಿಮ್ಮೂರ ಕೆರೆಯ ವಿಸ್ತೀರ್ಣ ದಾಖಲೆಯಲ್ಲಿ ಎಷ್ಟಿದೆ, ನೆಲದ ಮೇಲೆ ಎಷ್ಟು ಉಳಿದಿದೆ ಅಂತ ಕೇಳುವುದರಿಂದಲೇ ಶುರುವಾಗಲಿ. ಉತ್ತರ ಬಂದ ದಿನ ಅವಳಪ್ಪನ ಕೈಗೂ ಆ ಕಾಗದ ಕೊಡಿ. ಆಮೇಲೆ ಮನೆಯಲ್ಲಿ ಏನಾಯಿತು ಅಂತ ನನಗೊಂದು ಕಾರ್ಡು ಬರೆಯುವುದನ್ನು ಮಾತ್ರ ಮರೆಯಬೇಡಿ.